ಅಪ್ಪ ನೋಡಿದ ಸಿಂಪ್ಸನ್ಸ್ ಪಿಕ್ಚರ್

ಮೊದಲೇ ಹೇಳಿಬಿಡ್ತೀನಿ, ನಮ್ಮಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೋರ್ಡ್ ಓದ್ತಾರೆ, ರೇಟ್ ಕೇಳ್ತಾರೆ, "ನೋ ಚೇಂಜ್" ಅಂತ ಮಾತ್ರ ಬಹಳ ಸ್ಪಷ್ಟವಾಗಿ ಹೇಳ್ತಾರೆ, ಯಾಕಂದ್ರೆ ಕೆಎಸ್‌ಆರ್‌ಟಿಸಿಲಿ 31 ವರ್ಷ ಕಂಡಕ್ಟರ್ ಆಗಿದ್ದವರು, ಹಾಸನ ಬೇಲೂರು ಹಳೇಬೀಡು ರೂಟಲ್ಲಿ ಫಾರಿನ್ನವರೂ ಹತ್ತುತ್ತಿದ್ದರು. ಅಂಥ ಅಪ್ಪನ್ನ ನಾನು ಅಮೆರಿಕದಲ್ಲಿ ಒಂದು ಇಂಗ್ಲಿಷ್ ಕಾರ್ಟೂನ್ ಪಿಕ್ಚರಿಗೆ ಕರ್ಕೊಂಡು ಹೋಗಿದ್ದೆ. ಬೇಕು ಅಂತ ಕರ್ಕೊಂಡು ಹೋಗಿದ್ದಲ್ಲ, ವಿಧಿ ಇರಲಿಲ್ಲ.

2007ನೇ ಇಸವಿ. ನಾವಾಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಲ್ಲಿ ಇದ್ವಿ. ಮಗಳು ಹುಟ್ಟಿ ಏಳು ತಿಂಗಳು. ಬಾಣಂತನಕ್ಕೆ ಅಂತ ಬಂದಿದ್ದ ಅತ್ತೆ ಮಾವ ಆರು ತಿಂಗಳು ಮುಗಿಸಿ ವಾಪಸ್ ಹೋದರು, ಅವರ ಹಿಂದೆಯೇ ನಮ್ಮಪ್ಪ ಅಮ್ಮ ಬಂದಿಳಿದರು. ಅಲ್ಲಿ ಇರೋರಿಗೆಲ್ಲಾ ಗೊತ್ತಿರೋ ಶಿಫ್ಟ್ ಸಿಸ್ಟಮ್ ಇದು, ವಿಶೇಷ ಏನಿಲ್ಲ. ಅಮ್ಮನಿಗೆ ಮೊಮ್ಮಗಳು ಸಿಕ್ಕಳು, ಎಣ್ಣೆ ನೀರು ಸಾಂಬ್ರಾಣಿ ಅಂತ ದಿನಪೂರ್ತಿ ಕೆಲಸ ಇರೋದು (ಸಾಂಬ್ರಾಣಿ ಹೊಗೆಗೆ ಒಂದ್ಸಲ ಸ್ಮೋಕ್ ಅಲಾರಂ ಹೊಡ್ಕೊಂಡು ಇಡೀ ಬಿಲ್ಡಿಂಗ್ ಕೆಳಗೆ ಇಳಿದಿತ್ತು, ಅದೇ ಇನ್ನೊಂದು ಕಥೆ). ಅಪ್ಪನಿಗೆ ಮಾತ್ರ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಅಪಾರ್ಟ್‌ಮೆಂಟ್ ಸುತ್ತ ನಾಲ್ಕು ರೌಂಡ್ ಹೊಡೆಯೋರು, ಬಂದು ಕೂತು ರೋಡಲ್ಲಿ ಹೋಗೋ ಬಸ್ ನೋಡೋರು. "ಇಷ್ಟು ದೊಡ್ಡ ಬಸ್ಸಲ್ಲಿ ಆರು ಜನ ಇದಾರಲ್ಲೋ, ಡೀಸೆಲ್‌ಗಾದ್ರೂ ಗಿಟ್ಟುತ್ತಾ" ಅಂತ ದಿನಾ ಸಂಜೆ ನಂಗೆ ರಿಪೋರ್ಟ್. ಕೊನೆಗೆ ನನ್ನ ಹೆಂಡತಿನೇ, "ರೀ, ಮಾವನ್ನ ಎಲ್ಲಾದರೂ ಕರ್ಕೊಂಡು ಹೋಗ್ರೀ, ಪಾಪ ಕಿಟಕಿಗೆ ಅಂಟ್ಕೊಂಡು ಬಿಟ್ಟಿದಾರೆ" ಅಂದಳು.

ಈಗ ನನ್ನ ಹುಚ್ಚಿನ ಬಗ್ಗೆ ಸ್ವಲ್ಪ. ಸಿಂಪ್ಸನ್ಸ್ ಅನ್ನೋ ಅಮೆರಿಕದ ಕಾರ್ಟೂನ್ ಶೋ ನಂಗೆ ಅಂಟಿದ್ದು ಬೆಂಗಳೂರಲ್ಲಿ ಪಿಜಿಯಲ್ಲಿದ್ದಾಗ, ಸ್ಟಾರ್ ವರ್ಲ್ಡ್‌ನಲ್ಲಿ ಬರ್ತಿತ್ತು. ಅರ್ಧ ಜೋಕ್ ತಲೆ ಮೇಲೆ ಹೋಗೋದು, ಆದರೂ ಆ ಹೋಮರ್ ಅನ್ನೋ ಹೊಟ್ಟೆ ಬಿಟ್ಕೊಂಡಿರೋ ಮನುಷ್ಯ, ಕೆಲಸದಲ್ಲಿ ನಿದ್ದೆ ಹೊಡೆದು ಮನೆಗೆ ಬಂದು ಸೋಫಾ ಮೇಲೆ ಬೀಳೋ ಗಂಡಸು, ಅವನನ್ನ ಅರ್ಥ ಮಾಡ್ಕೊಳ್ಳೋಕೆ ಇಂಗ್ಲಿಷ್ ಯಾಕೆ ಬೇಕು ಹೇಳಿ. 1987ರಲ್ಲಿ ಬೇರೆ ಒಂದು ಶೋ ಮಧ್ಯೆ ಬರೋ ಚಿಕ್ಕ ಚಿಕ್ಕ ತುಣುಕಾಗಿ ಶುರುವಾಗಿ, 1989ರ ಡಿಸೆಂಬರಿಂದ ಅರ್ಧ ಗಂಟೆ ಶೋ ಆಗಿ, 2007ರ ಮೇ ತಿಂಗಳಿಗೆ ನಾನೂರು ಎಪಿಸೋಡ್ ಮುಗಿಸಿತ್ತು. ಪಿಕ್ಚರ್ ಮಾಡ್ತೀವಿ ಮಾಡ್ತೀವಿ ಅಂತ ಹೇಳ್ತಾ ಹೇಳ್ತಾ ಹದಿನೆಂಟು ವರ್ಷ ತಗೊಂಡರು. ಕೊನೆಗೂ ಆ ವರ್ಷ ಜುಲೈ 27ಕ್ಕೆ ರಿಲೀಸ್ ಅಂತ ಆಯ್ತು. ಬರೆದವರೇ ಹನ್ನೊಂದು ಜನ. ಹನ್ನೊಂದು ಜನ ಸೇರಿ ಬರೆದರೆ ನಮ್ಮ ಕಡೆ ಒಂದು ಮದುವೆ ಕಾರ್ಡೂ ಪ್ರಿಂಟಿಗೆ ಹೋಗಲ್ಲ.

ಇನ್ನೊಂದು ಹೇಳಬೇಕು, ಮುಂದೆ ಬೇಕಾಗುತ್ತೆ. ಅದರ ಹಿಂದಿನ ವರ್ಷ 2006ರ ಏಪ್ರಿಲ್ 9, ಭಾನುವಾರ ರಾತ್ರಿ, ಒಂದು ಎಪಿಸೋಡ್ ಬಂತು, ಹೆಸರು 'ಕಿಸ್ ಕಿಸ್ ಬ್ಯಾಂಗ್ ಬ್ಯಾಂಗಲೋರ್'. ಹೋಮರ್ ಕೆಲಸ ಮಾಡೋ ನ್ಯೂಕ್ಲಿಯರ್ ಪ್ಲಾಂಟನ್ನ ಅದರ ಓನರ್ ನಮ್ಮ ಬೆಂಗಳೂರಿಗೆ ಔಟ್‌ಸೋರ್ಸ್ ಮಾಡ್ತಾನೆ, ಹೋಮರ್ ಇಲ್ಲಿಗೆ ಬಂದು ಜನಕ್ಕೆ ಕೆಲಸ ಕಲಿಸಬೇಕು, ಅವನು ಏನು ಮಾಡ್ತಾನೆ ತಾನೇ ದೇವರು ಅಂದ್ಕೊಂಡು ಮೆರೀತಾನೆ. ಆಗ ಅಮೆರಿಕದಲ್ಲಿ 'ಬ್ಯಾಂಗಲೋರ್ಡ್' ಅಂತ ಒಂದು ಪದ ಓಡಾಡ್ತಿತ್ತು, ಕೆಲಸ ಭಾರತಕ್ಕೆ ಹೋಗಿ ಮನೆಗೆ ಹೋದವರನ್ನ ಹಾಗೆ ಅನ್ನೋರು, ಆಫೀಸಲ್ಲಿ ಯಾರಾದರೂ ಹಾಗಂದ್ರೆ ನಾವು ಕಾಫಿ ಕಪ್ ನೋಡ್ಕೊಂಡು ಸುಮ್ಮನೆ ಇರೋದು. ಅವತ್ತು ನಾವು ಐದು ಜನ ಬೆಂಗಳೂರು ಕಂಪನಿಗಳಿಂದ ಬಂದಿದ್ದವರು ಒಂದು ರೂಮಲ್ಲಿ ಕೂತು ನೋಡಿದ್ವಿ. ನಮ್ಮ ಬೆಂಗಳೂರು ಅನ್ನೋಕೆ ಗುರುತು ಸಿಗೋ ಅಂಥದ್ದು ಒಂದೂ ಕಾಣಲಿಲ್ಲ, ಆದರೂ ಟಿವಿಲಿ ಊರ ಹೆಸರು ಕೇಳಿದ್ದಕ್ಕೇ ಶಿಳ್ಳೆ ಹೊಡೆದಿದ್ವಿ. ಅದಾಗಿ ಮೂರೇ ದಿನ. ಬುಧವಾರ, 12ನೇ ತಾರೀಕು, ಅಣ್ಣಾವ್ರು ಹೋಗಿಬಿಟ್ಟರು. ಅದೇ ಐದು ಜನ ಅದೇ ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ, ನಿಂತು ನಿಂತು ಬರೋ ವಿಡಿಯೋದಲ್ಲಿ ಕಂಠೀರವ ಸ್ಟೇಡಿಯಂ, ಕಲ್ಲು, ಹೊಗೆ, ಉರಿಯೋ ವ್ಯಾನು ಎಲ್ಲಾ ನೋಡ್ತಾ ಕೂತಿದ್ವಿ. ಈ ಸಲ ಬೆಂಗಳೂರಿನ ಗುರುತು ಚೆನ್ನಾಗೇ ಸಿಕ್ತು.

ಊರಲ್ಲಿ ಅಪ್ಪ ಎರಡು ದಿನ ಊಟ ಬಿಟ್ಟಿದ್ದರಂತೆ.

ಸರಿ, ಪಿಕ್ಚರಿಗೆ ಬರೋಣ. ಅದರ ಪ್ರಚಾರಕ್ಕೆ ಅಂತ ಜುಲೈನಲ್ಲಿ ಸೆವೆನ್ ಇಲೆವೆನ್‌ನವರು ಅಮೆರಿಕದಲ್ಲಿ ಹನ್ನೊಂದು, ಕೆನಡಾದಲ್ಲಿ ಒಂದು ಅಂಗಡಿನ ಪೂರ್ತಿ ಕ್ವಿಕ್-ಇ-ಮಾರ್ಟ್ ಮಾಡಿಬಿಟ್ಟಿದ್ದರು. ಗೊತ್ತಿಲ್ಲದವರಿಗೆ, ಕಾರ್ಟೂನಲ್ಲಿ ಅಪು ಅನ್ನೋ ಇಂಡಿಯನ್ ನಡೆಸೋ ಅಂಗಡಿ ಹೆಸರು ಅದು. ಆ ಹನ್ನೊಂದರಲ್ಲಿ ಒಂದು ಮೌಂಟನ್ ವ್ಯೂನಲ್ಲಿ, ನಮ್ಮ ಮನೆ ಪಕ್ಕದೂರು. ಬಿಡ್ತೀನಾ. ಶನಿವಾರ ಬೆಳಿಗ್ಗೆ ಅಪ್ಪನ್ನ ಕಾರಲ್ಲಿ ಹಾಕ್ಕೊಂಡು ಹೊರಟೆ. "ಎಲ್ಲಿಗೋ" ಅಂದ್ರು. "ಅಂಗಡಿಗೆ ಅಪ್ಪ." "ಏನು ತರೋಕೆ?" "ಏನಿಲ್ಲ, ನೋಡೋಕೆ." ಅಂಗಡಿ ನೋಡೋಕೆ ಕಾರಲ್ಲಿ ಹೋಗೋ ಮಗನ್ನ ಅಪ್ಪ ಹೇಗೆ ನೋಡಿರಬೇಕು ಊಹೆ ಮಾಡ್ಕೊಳ್ಳಿ.

ಕ್ಯೂ ಬೇರೆ ಇತ್ತು. ಬೋರ್ಡ್ ಬದಲಾಯಿಸಿದ್ದರು, ಒಳಗೆ ಆಳೆತ್ತರದ ಬೊಂಬೆಗಳು, ಪಿಂಕ್ ಕಲರ್ ಡೋನಟ್, ಬಝ್ ಕೋಲಾ ಕ್ಯಾನು, ಕ್ರಸ್ಟಿ-ಓಸ್ ಅನ್ನೋ ಸೀರಿಯಲ್ ಡಬ್ಬ, ಸ್ಕ್ವಿಶಿ, ರೇಡಿಯೋಆ್ಯಕ್ಟಿವ್ ಮ್ಯಾನ್ ಕಾಮಿಕ್ಸಿನ 711ನೇ ಸಂಚಿಕೆ (ನಂಬರ್ ನೋಡಿ, ಅಂಗಡಿ ಹೆಸರೇ). ಹೋಮರ್ ಕುಡಿಯೋ ಡಫ್ ಬಿಯರ್ ಮಾತ್ರ ಇಟ್ಟಿರಲಿಲ್ಲ, ಮಕ್ಕಳು ಬರ್ತಾರೆ ಅಂತ. ನಾನು ಚಿಕ್ಕ ಹುಡುಗನ ಥರ ಓಡಾಡಿ ಎರಡು ಡೋನಟ್ಟು ಎರಡು ಕೋಲಾ ತಗೊಂಡು ಬಿಲ್ಲಿಗೆ ನಿಂತೆ. ತಿರುಗಿ ನೋಡಿದ್ರೆ ಅಪ್ಪ ಬಾಗಿಲ ಹತ್ರ ನಿಂತಿದಾರೆ. ಟಕ್ ಮಾಡಿದ ಶರ್ಟು, ಮೇಲೊಂದು ಅರ್ಧ ತೋಳಿನ ಸ್ವೆಟರು, ಕಾಲಿಗೆ ನಾನು ಕೊಡಿಸಿದ ಬಿಳಿ ಸ್ಪೋರ್ಟ್ಸ್ ಶೂ. ಅವರ ಆ ಕಡೆ ಈ ಕಡೆ ಎರಡು ಕಾಲೇಜು ಹುಡುಗರು, ಹೆಗಲ ಮೇಲೆ ಕೈ ಹಾಕ್ಕೊಂಡು, ಮೂರನೆಯವನು ಫೋಟೋ ತೆಗೀತಿದಾನೆ. ಅಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡ್ಕೊಂಡು ನಗ್ತಾ ನಿಂತಿದಾರೆ. ಹುಡುಗ ಹೋಗ್ತಾ ಹೋಗ್ತಾ ಅಪು ಥರ ರಾಗ ಎಳೆದು, "ಥ್ಯಾಂಕ್ ಯೂ, ಕಮ್ ಅಗೇನ್!" ಅಂದ. ಸುತ್ತ ಇದ್ದವರು ನಕ್ಕರು. ಕೆಟ್ಟದಾಗೇನೂ ನಗಲಿಲ್ಲ, ಅದೇ ಕಷ್ಟ.

ಕಾರಿಗೆ ಬಂದ ಮೇಲೆ ಅಪ್ಪ, "ಏನಂದನೋ ಆ ಹುಡುಗ?"

"ಮತ್ತೆ ಬನ್ನಿ ಅಂದ ಅಪ್ಪ."

"ಒಳ್ಳೆ ಹುಡುಗ. ಮರ್ಯಾದೆ ಗೊತ್ತು."

ನಾನು ಗಾಡಿ ಸ್ಟಾರ್ಟ್ ಮಾಡಿದೆ. ಹತ್ತು ವರ್ಷ ಆದ ಮೇಲೆ, 2017ರಲ್ಲಿ, ಹರಿ ಕೊಂಡಬೋಲು ಅನ್ನೋ ಕಮೀಡಿಯನ್ ಇದೇ ಅಪು ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡಿದಾಗ ದೊಡ್ಡ ಗಲಾಟೆ ಆಯ್ತು, ಆ ಪಾತ್ರಕ್ಕೆ ದನಿ ಕೊಡ್ತಿದ್ದ ಹ್ಯಾಂಕ್ ಅಝಾರಿಯಾ 2020ರಲ್ಲಿ ಇನ್ನು ನಾನು ಮಾಡಲ್ಲ ಅಂತ ಬಿಟ್ಟರು. ನನ್ನ ಗೆಳೆಯರಲ್ಲೇ ಎರಡು ಪಾರ್ಟಿ, ಒಂದು ಕಾರ್ಟೂನಿಗೆಲ್ಲಾ ಇಷ್ಟು ಯಾಕೆ ಅನ್ನೋರು, ಇನ್ನೊಂದು ಶೋನೇ ನಿಲ್ಲಿಸಬೇಕು ಅನ್ನೋರು. ನಂಗೆ ಯಾವಾಗಲೂ ನೆನಪಾಗೋದು ಬಾಗಿಲ ಹತ್ರ ಕೈ ಮುಗಿದು ನಿಂತಿದ್ದ ಅಪ್ಪ. ಅಪು ಅನ್ನೋ ಹೆಸರನ್ನ ಅವರು ತಗೊಂಡಿದ್ದು ಸತ್ಯಜಿತ್ ರಾಯ್ ಸಿನಿಮಾಗಳಿಂದ, ಅಂದ್ರೆ ಆ ಬರೆದವರಿಗೆ ಗೌರವ ಇತ್ತು. ಆದರೆ ಅಂಗಡಿ ಬಾಗಿಲಿಗೆ ಬರೋ ಹೊತ್ತಿಗೆ ಆ ಗೌರವ ಎಲ್ಲೋ ಇಳಿದು ಹೋಗಿತ್ತು. ನಾನು ಶೋ ನೋಡೋದು ಬಿಟ್ಟೆನಾ ಅಂದ್ರೆ, ಇಲ್ಲ. ಸುಳ್ಳು ಯಾಕೆ ಹೇಳಲಿ.

ಪಿಕ್ಚರ್ ರಿಲೀಸ್ ಆದ ಮಾರನೇ ದಿನ ಮಧ್ಯಾಹ್ನದ ಶೋಗೆ ಎರಡು ಟಿಕೆಟ್. ಹೆಂಡತಿ ಬರೋ ಹಾಗಿಲ್ಲ, ಮಗು. ಅಮ್ಮ ಬರಲ್ಲ, "ಬೊಂಬೆ ಪಿಕ್ಚರ್ ನಂಗ್ಯಾಕೆ". ಗೆಳೆಯರನ್ನ ಕರೆದ್ರೆ ಒಬ್ಬ, "ಸೋಮವಾರದೊಳಗೆ ನೆಟ್ಟಲ್ಲಿ ಬರುತ್ತೆ, ಪೆನ್‌ಡ್ರೈವಲ್ಲಿ ಕೊಡ್ತೀನಿ" ಅಂದ. ಉಳಿದಿದ್ದು ಅಪ್ಪ. ಎರಡು ಟಿಕೆಟ್‌ಗೆ ಇಪ್ಪತ್ತು ಡಾಲರ್ ಹತ್ರ ಆಯ್ತು. ಅಪ್ಪನ ತಲೆಯಲ್ಲಿ ಮಷೀನ್ ಓಡ್ತಾನೇ ಇರುತ್ತೆ, ಆಗ ಡಾಲರಿಗೆ ನಲವತ್ತು ರೂಪಾಯಿ, "ಎಂಟುನೂರು ರೂಪಾಯಾ! ಎಂಟುನೂರಕ್ಕೆ ಹಾಸನದಲ್ಲಿ ಒಂದು ಬೀದಿನೇ ಪಿಕ್ಚರ್ ನೋಡಬಹುದು ಕಣೋ. ಆಮೇಲೆ ಇದು ಟಿವಿಲಿ ದಿನಾ ಬರೋದೇ ಅಲ್ವಾ?" ಅಂದರು. ಅಲ್ಲ ಅಪ್ಪ, ಇದು ಬೇರೆ, ದೊಡ್ಡದು, ಅಂತ ಏನೇನೋ ಹೇಳಿ ಒಳಗೆ ಕೂರಿಸಿದೆ.

ಶುರುವಾಯ್ತು. ಮೊದಲು ಇಲಿ ಬೆಕ್ಕು ಚಂದ್ರನ ಮೇಲೆ ಹೊಡೆದಾಡೋ ಒಂದು ಸಣ್ಣ ತುಣುಕು, ಅದನ್ನ ಸಿಂಪ್ಸನ್ಸ್ ಮನೆಯವರು ಥಿಯೇಟರಲ್ಲಿ ಕೂತು ನೋಡ್ತಿರ್ತಾರೆ. ಹೋಮರ್ ಎದ್ದು ನಿಂತು ಜೋರಾಗಿ ಕೂಗಾಡ್ತಾನೆ, ಆಮೇಲೆ ನಮ್ಮ ಕಡೆಗೇ ತಿರುಗಿ ಬೆರಳು ತೋರಿಸ್ತಾನೆ. ಇಡೀ ಥಿಯೇಟರ್ ಹೋ ಅಂತ ನಕ್ಕಿತು. ಅಪ್ಪ ನನ್ನ ಮೊಣಕೈ ತಿವಿದು, "ಏನಂತೆ?"

ಏನು ಹೇಳಲಿ. ಪಿಸು ದನಿಯಲ್ಲಿ, "ಟಿವಿಲಿ ಬಿಟ್ಟಿ ಬರೋದನ್ನ ದುಡ್ಡು ಕೊಟ್ಟು ನೋಡೋಕೆ ಬಂದಿರೋರೆಲ್ಲಾ ಪೆದ್ದರು ಅಂತಿದಾನೆ. ಅದ್ರಲ್ಲೂ ನೀನು ಅಂತ ತೋರಿಸ್ತಿದಾನೆ."

ಅಪ್ಪ ಒಂದು ಕ್ಷಣ ಸ್ಕ್ರೀನ್ ನೋಡಿದರು, ನನ್ನ ನೋಡಿದರು. "ಸರಿಯಾಗೇ ಹೇಳಿದಾನೆ" ಅಂದು ಕಾಲು ಚಾಚಿ ಆರಾಮಾಗಿ ಕೂತರು. ಅಲ್ಲಿಂದ ಹೋಮರ್ ಅವರ ಮನುಷ್ಯ ಆಗಿಬಿಟ್ಟ.

ಅದಾದ ಮೇಲೆ ಟೈಟಲ್ಲಲ್ಲಿ ಹೋಮರ್ ಮಗ ಬಾರ್ಟ್ ಯಾವಾಗಲೂ ಬೋರ್ಡ್ ಮೇಲೆ ಶಿಕ್ಷೆ ಬರೀತಾನಲ್ಲ, ಈ ಸಲ ಬರೀತಿದ್ದಿದ್ದು 'ನಾನು ಈ ಪಿಕ್ಚರನ್ನ ಕದ್ದು ಡೌನ್‌ಲೋಡ್ ಮಾಡಲ್ಲ' ಅಂತ. ಪೆನ್‌ಡ್ರೈವ್ ಗೆಳೆಯನಿಗೆ ಇದನ್ನ ಆಮೇಲೆ ಹೇಳಿದೆ. "ಹೂಂ, ನೋಡಿದೆ, ನನ್ನ ಪ್ರಿಂಟಲ್ಲೂ ಅದಿದೆ" ಅಂದ.

ನಾನು ಅಂದ್ಕೊಂಡಿದ್ದು ಅಪ್ಪ ಹತ್ತು ನಿಮಿಷಕ್ಕೆ ಗೊರಕೆ ಹೊಡೀತಾರೆ, ನಾನು ನೆಮ್ಮದಿಯಾಗಿ ನೋಡ್ತೀನಿ ಅಂತ. ಆಗಿದ್ದೇ ಉಲ್ಟಾ. ಚರ್ಚಲ್ಲಿ ಹೋಮರ್ ಅಪ್ಪ, ಮುದುಕ, ಇದ್ದಕ್ಕಿದ್ದ ಹಾಗೆ ಕಣ್ಣು ಮೇಲೆ ಮಾಡ್ಕೊಂಡು ನೆಲಕ್ಕೆ ಬಿದ್ದು ಹೊರಳಾಡಿ ಏನೇನೋ ಕಿರುಚೋಕೆ ಶುರು ಮಾಡ್ತಾನೆ. ಸುರುಳಿ ಬಾಲ, ಸಾವಿರ ಕಣ್ಣು, ಶಾಶ್ವತವಾಗಿ ಸಿಕ್ಕಾಕ್ಕೊಳ್ತೀರಿ, ಈಪಾ ಈಪಾ. ಹೋಮರ್ ಅವನನ್ನ ಕಾರ್ಪೆಟ್ಟಲ್ಲಿ ಸುತ್ತಿ ಎತ್ಕೊಂಡು ಹೋಗ್ತಾನೆ. ನಾನು ಟ್ರಾನ್ಸ್‌ಲೇಟ್ ಮಾಡೋಕೆ ಬಾಯಿ ತೆಗೆದೆ, ಅಪ್ಪ ಕೈ ಅಡ್ಡ ಹಿಡಿದರು. "ಗೊತ್ತಾಯ್ತು. ಮೈಮೇಲೆ ಬಂದಿದೆ ಅಜ್ಜಂಗೆ. ನೋಡ್ತಿರು, ಅವನು ಹೇಳಿದ್ದೆಲ್ಲಾ ಆಗುತ್ತೆ." ನಮ್ಮೂರ ಜಾತ್ರೆಲಿ ಅವರು ಇಂಥವನ್ನ ಎಷ್ಟು ನೋಡಿಲ್ಲ. ಮನೆಯಲ್ಲಿ ಹೋಮರ್ ಹೆಂಡತಿ ಮಾರ್ಜ್ ಒಬ್ಬಳೇ ಮುದುಕನ ಮಾತನ್ನ ನಂಬೋದು, ಅದಕ್ಕೂ ಅಪ್ಪ ತಲೆ ಆಡಿಸಿದರು, ಹೆಣ್ಣುಮಕ್ಕಳಿಗೆ ಇದೆಲ್ಲಾ ಬೇಗ ಗೊತ್ತಾಗುತ್ತೆ ಅಂತ. ಹನ್ನೊಂದು ಜನ ಕೂತು ಹೆಣೆದಿದ್ದ ಕಥೆಯ ಎಳೆನ ಅಪ್ಪ ಸ್ಪಷ್ಟವಾಗಿ ಹಿಡಿದಿದ್ದರು, ಯಾಕಂದ್ರೆ ಮುಂದೆ ನಿಜವಾಗಲೂ ಸುರುಳಿ ಬಾಲದ ಹಂದಿ ಬಂತು, ಮೈಯೆಲ್ಲಾ ಕಣ್ಣಿರೋ ಅಳಿಲೂ ಬಂತು, ಈಪಾ ಅಂದ್ರೆ ಇಪಿಎ, ಅಲ್ಲಿಯ ಪರಿಸರ ಇಲಾಖೆ ಅಂತಲೂ ಗೊತ್ತಾಯ್ತು.

ಕಥೆ ಇಷ್ಟೇ. ಹೋಮರ್ ಒಂದು ಹಂದಿಮರಿ ಸಾಕ್ತಾನೆ, ಅದನ್ನ ಎತ್ತಿ ಹಿಡಿದು ಸೂರಿಗೆ ನಡೆಸ್ತಾ ಸ್ಪೈಡರ್ ಪಿಗ್ ಅಂತ ಹಾಡ್ತಾನೆ, ಅದರ ಗಲೀಜನ್ನೆಲ್ಲಾ ಒಂದು ದೊಡ್ಡ ಡ್ರಮ್ಮಲ್ಲಿ ತುಂಬಿಸಿ ಹಿತ್ತಲಲ್ಲಿ ಇಡ್ತಾನೆ. ಹೆಂಡತಿ ಬೈದು ಸರಿಯಾದ ಜಾಗಕ್ಕೆ ಹಾಕಿ ಬಾ ಅಂತ ಕಳಿಸಿದ್ರೆ, ದಾರಿಯಲ್ಲಿ ಗೆಳೆಯನ ಫೋನ್ ಬರುತ್ತೆ, ಡೋನಟ್ ಅಂಗಡಿ ಮುಚ್ಚಿಸ್ತಿದಾರಂತೆ ಬಿಟ್ಟಿ ಹಂಚ್ತಿದಾರಂತೆ ಅಂತ. ಅರ್ಜೆಂಟಲ್ಲಿ ಡ್ರಮ್ಮನ್ನ ಕೆರೆಗೆ ತಳ್ಳಿ ಓಡ್ತಾನೆ. ಊರವರು ಆಗಷ್ಟೇ ಕ್ಲೀನ್ ಮಾಡಿ ಗೋಡೆ ಕಟ್ಟಿದ್ದ ಕೆರೆ. ಇಲ್ಲಿ ಅಪ್ಪನಿಗೆ ಸಿಟ್ಟು ಬಂತು. ಹಂದಿ ಸಾಕಿದ್ದಕ್ಕಲ್ಲ. "ತಿಪ್ಪೆಗೆ ಹಾಕಿದ್ರೆ ಒಳ್ಳೆ ಗೊಬ್ಬರ ಆಗೋದು! ಕೆರೆಗೆ ಯಾಕೆ ಹಾಕ್ದ ಮುಂಡೇದು!" ಅಂತ ಜೋರಾಗೇ ಅಂದರು, ಮುಂದಿನ ಸೀಟಿನವಳು ತಿರುಗಿ ನೋಡಿದಳು. ಆಮೇಲೆ ಸರ್ಕಾರ ಬಂದು ಇಡೀ ಊರಿಗೆ ಗಾಜಿನ ಗುಮ್ಮಟ ಬೋರಲು ಹಾಕುತ್ತೆ. ಅದಕ್ಕೂ ಅಪ್ಪನ ಹತ್ರ ಹೋಲಿಕೆ ರೆಡಿ ಇತ್ತು, "ಕೋಳಿಮರಿಗೆ ಮಂಕರಿ ಮುಚ್ಚಿದಂಗೆ".

ಅಪ್ಪ ತುಂಬಾ ನಕ್ಕಿದ್ದು ಒಂದೇ ಒಂದು ಕಡೆ, ಮತ್ತೆ ಆ ನಗು ನಂಗೆ ಈಗಲೂ ಕಿವಿಯಲ್ಲಿದೆ. ಗುಮ್ಮಟ ಆಕಾಶದಿಂದ ಇಳೀತಿರುತ್ತೆ. ಚರ್ಚೂ ಬಾರೂ ಅಕ್ಕಪಕ್ಕ. ಚರ್ಚಲ್ಲಿದ್ದವರು ಹೊರಗೆ ಬಂದು ಮೇಲೆ ನೋಡ್ತಾರೆ, ಬಾರಲ್ಲಿದ್ದವರೂ ಹೊರಗೆ ಬಂದು ಮೇಲೆ ನೋಡ್ತಾರೆ, ಕಿರುಚ್ತಾರೆ, ಚರ್ಚಿನವರೆಲ್ಲಾ ಬಾರಿಗೆ ಓಡ್ತಾರೆ, ಬಾರಿನವರೆಲ್ಲಾ ಚರ್ಚಿಗೆ. ಒಂದು ಮಾತಿಲ್ಲ. ಮೂರ್ನಾಲ್ಕು ಸೆಕೆಂಡು. ಅಪ್ಪ ಸೀಟಲ್ಲಿ ಬಗ್ಗಿ ತೊಡೆ ತಟ್ಕೊಂಡು ನಕ್ಕರು, ಕೆಮ್ಮು ಬಂತು, ನೀರು ಕುಡಿಸಿದೆ, ಮತ್ತೆ ನಕ್ಕರು. ಅವರ ಡಿಪೋದಲ್ಲಿ ಶನಿವಾರ ಆಂಜನೇಯನ ಗುಡಿ, ಉಳಿದ ದಿನ ಎದುರುಗಡೆ ಬಾರು ಅಂತಿದ್ದ ಡ್ರೈವರುಗಳ ಹೆಸರೆಲ್ಲಾ ಒಂದೊಂದಾಗಿ ಬಂತು.

ಒಂದು ಇರುಸುಮುರುಸು ಆಗಿದ್ದು ಬಾರ್ಟ್ ಬರೀ ಮೈಲಿ ಸ್ಕೇಟ್‌ಬೋರ್ಡ್ ಮೇಲೆ ಊರು ಸುತ್ತೋದು. ಹೋಮರ್ ಪಂಥ ಕಟ್ಟಿರ್ತಾನೆ. ಎಲ್ಲಾ ಕಡೆ ಏನಾದರೂ ಅಡ್ಡ ಬಂದು ಮರ್ಯಾದೆ ಉಳಿಯುತ್ತೆ, ಕೊನೆಗೆ ಬೇಲಿ ಸಂದಿಲಿ ಬೇರೆ ಎಲ್ಲಾ ಮರೆಯಾಗಿ ಅದೊಂದೇ ಕಾಣುತ್ತೆ. ಅಪ್ಪನ ಪಕ್ಕ ಕೂತು ಇದನ್ನ ನೋಡೋ ಸಂಕಟ ಹೇಗಿರುತ್ತೆ, ನಾನು ಬಕೆಟ್ ಒಳಗೆ ಪಾಪ್‌ಕಾರ್ನ್ ಹುಡುಕೋ ಹಾಗೆ ತಲೆ ತಗ್ಗಿಸಿದೆ. ಅಪ್ಪ ಮಾತ್ರ ನಿರ್ವಿಕಾರವಾಗಿ, "ಉಡಿದಾರ ಆದ್ರೂ ಕಟ್ಟಬೇಕಿತ್ತು ಆ ಮಗೂಗೆ" ಅಂದರು.

ಆ ಪಂಥದಲ್ಲಿ ಸಿಕ್ಕಾಕ್ಕೊಂಡ ಮಗನ್ನ ಹೋಮರ್ ಕೈ ಬಿಡ್ತಾನೆ, ಪಕ್ಕದ ಮನೆ ಫ್ಲಾಂಡರ್ಸ್ ಪ್ಯಾಂಟ್ ಕೊಡ್ತಾನೆ, ರಾತ್ರಿ ಬಿಸಿ ಕೋಕೋ ಮಾಡಿ ಕೊಡ್ತಾನೆ. ಬಾರ್ಟ್‌ಗೆ ಇವನೇ ನಮ್ಮಪ್ಪ ಆಗಿದ್ದಿದ್ರೆ ಅನ್ನಿಸುತ್ತೆ. ಇದನ್ನ ನಾನು ಅಪ್ಪನಿಗೆ ಟ್ರಾನ್ಸ್‌ಲೇಟ್ ಮಾಡಲಿಲ್ಲ. ನಾನು ಐದನೇ ಕ್ಲಾಸಲ್ಲಿದ್ದಾಗ ಅಪ್ಪನಿಗೆ ವಾರದಲ್ಲಿ ನಾಲ್ಕು ದಿನ ನೈಟ್ ಹಾಲ್ಟ್, ಎದುರು ಮನೆ ಮೇಷ್ಟ್ರು ಅವರ ಮಗನಿಗೆ ಸಂಜೆ ಸೈಕಲ್ ಕಲಿಸೋರು, ನಾನು ಕಟ್ಟೆ ಮೇಲೆ ಕೂತು ನೋಡ್ತಿದ್ದೆ. ಅಪ್ಪ ಕೇಳಲೂ ಇಲ್ಲ, ಆ ಸೀನಿಗೆ. ಕೇಳದೇ ಅರ್ಥ ಆಗಿತ್ತೋ ಏನೋ.

ಆಮೇಲೆ ಅವರು ಗುಮ್ಮಟದಿಂದ ತಪ್ಪಿಸ್ಕೊಂಡು ಅಲಾಸ್ಕಾಕ್ಕೆ ಹೋಗ್ತಾರೆ. ಅಲ್ಲಿ ಪಿಕ್ಚರ್ ಸ್ವಲ್ಪ ಎಳೆಯುತ್ತೆ, 87 ನಿಮಿಷದ್ದೇ ಆದರೂ ಎಳೆದ ಹಾಗೆ ಅನ್ನಿಸುತ್ತೆ, ಟಿವಿ ಶೋನ 22 ನಿಮಿಷಕ್ಕೆ ಒಗ್ಗಿಹೋದ ಕಣ್ಣಿಗೆ ಹಿಮ ಹಿಮ ಹಿಮ. ಆದರೆ ಅಲ್ಲೇ ಆ ಸೀನ್ ಇರೋದು. ಊರು ನಾಶ ಆಗುತ್ತೆ ಅಂತ ಗೊತ್ತಾದ್ರೂ ಹೋಮರ್ ಸಹಾಯಕ್ಕೆ ಬರಲ್ಲ ಅಂತಾನೆ, ಮನೆಗೆ ಬಂದ್ರೆ ಹೆಂಡತಿ ಮಕ್ಕಳು ಇಲ್ಲ, ಟಿವಿ ಮೇಲೆ ಒಂದು ವಿಡಿಯೋ ಕ್ಯಾಸೆಟ್. ಹಾಕಿದ್ರೆ ಮಾರ್ಜ್ ಮಾತಾಡ್ತಾಳೆ. ಇಷ್ಟು ದಿನ ನಿನ್ನ ಜೊತೆ ನಿಂತೆ, ಇನ್ನು ಆಗಲ್ಲ, ಹೋಗ್ತಿದೀನಿ, ಮತ್ತೆ ಇದು ನಿಜ ಅಂತ ನಂಗೇ ಗೊತ್ತಾಗಲಿ ಅಂತ ಇದನ್ನ ನಮ್ಮ ಮದುವೆ ಕ್ಯಾಸೆಟ್ ಮೇಲೆ ರೆಕಾರ್ಡ್ ಮಾಡಿದೀನಿ, ಅಂತ. ದನಿ ಕೊಟ್ಟ ಜೂಲಿ ಕಾವ್ನರ್ ಕೈಲಿ ಆ ಮಾತನ್ನ ನೂರಕ್ಕೂ ಹೆಚ್ಚು ಸಲ ಹೇಳಿಸಿದ್ರಂತೆ. ಕೊನೆಗೆ ಉಳಿದಿರೋ ದನಿಯಲ್ಲಿ ಅಳು ಇಲ್ಲ, ಸಿಟ್ಟೂ ಇಲ್ಲ, ಸುಸ್ತು ಇದೆ. ಅವಳ ಮಾತು ಮುಗಿದ ಜಾಗದಿಂದ ಹಳೇ ಮದುವೆ ವಿಡಿಯೋ ಮುಂದುವರಿಯುತ್ತೆ, ಇಬ್ಬರೂ ಕುಣೀತಿರ್ತಾರೆ, ಹಿಂದೆ ಕಾರ್ಪೆಂಟರ್ಸ್ ಹಾಡು. ಹಳದಿ ಮುಖದ, ನಾಲ್ಕು ಬೆರಳಿನ, ಗೆರೆಲಿ ಬರೆದ ಬೊಂಬೆಗಳು. ಥಿಯೇಟರಲ್ಲಿ ಕಮಕ್ ಕಿಮಕ್ ಇಲ್ಲ.

ನಾನು ಅಪ್ಪನ ಕಡೆ ವಾಲಿ ಮೆಲ್ಲಗೆ ಎಲ್ಲಾ ಹೇಳಿದೆ. ಮದುವೆ ಕ್ಯಾಸೆಟ್ ಮೇಲೆ ರೆಕಾರ್ಡ್ ಮಾಡಿದಾಳೆ ಅಂದಾಗ ಅಪ್ಪ ಸೀಟಲ್ಲಿ ಒಂದು ಸಲ ಅಲುಗಾಡಿದರು. ಅಷ್ಟೇ, ಅಲ್ಲಿಂದ ಮುಂದೆ ಮಾತಿಲ್ಲ. ಹೋಮರ್ ವಾಪಸ್ ಬಂದ, ಅಪ್ಪ ಮಗ ಬೈಕಲ್ಲಿ ಗುಮ್ಮಟದ ಒಳಗೋಡೆ ಹತ್ತಿ ಬಾಂಬ್ ಹೊರಗೆ ಎಸೆದರು, ಚಪ್ಪಾಳೆ ಬಿತ್ತು, ಅಪ್ಪನಿಂದ ಒಂದು ಹೂಂ ಇಲ್ಲ. ಹೆಸರುಗಳು ಬರೋಕೆ ಶುರುವಾದ್ರೂ ಏಳಲಿಲ್ಲ, ಕೊಟ್ಟ ಎಂಟುನೂರು ರೂಪಾಯಿ ತೀರೋವರೆಗೂ ಕೂರ್ತಾರೆ ಅಂದ್ಕೊಂಡೆ, ಅದರಿಂದ ಒಳ್ಳೇದೇ ಆಯ್ತು, ಮಾತೇ ಆಡದ ಹೋಮರ್ ಕೈಗೂಸು, ಆ ಪುಟ್ಟ ಮ್ಯಾಗಿ ಬಾಯಿ ತೆಗೆದು "ಸೀಕ್ವೆಲ್?" ಅಂದಿದ್ದು ನೋಡೋಕೆ ಸಿಕ್ತು. (ಸೀಕ್ವೆಲ್ 2027ರಲ್ಲಿ ಅಂತ ಈಗ ಹೇಳಿದಾರೆ. ಮಗು ಕೇಳಿ ಇಪ್ಪತ್ತು ವರ್ಷಕ್ಕೆ.)

ಕಾರಲ್ಲಿ ಬೆಲ್ಟ್ ಹಾಕ್ಕೊಳ್ಳೋಕೆ ಒದ್ದಾಡ್ತಾ ಅಪ್ಪ ಹೇಳಿದರು.

"ಲೋ, ನಿಮ್ಮ ರಿಸೆಪ್ಷನ್ ಕ್ಯಾಸೆಟ್ ಇಲ್ಲ ಕಣೋ."

"ಅಂದ್ರೆ?"

"ಇದೆ. ಅದ್ರ ಮೇಲೆ ಅಣ್ಣಾವ್ರ ಮೆರವಣಿಗೆ ರೆಕಾರ್ಡ್ ಆಗೋಗಿದೆ."

ನಮ್ಮ ಮದುವೆ ಆಗಿದ್ದು 2003ರಲ್ಲಿ, ಹಾಸನದಲ್ಲಿ. ವಿಡಿಯೋದವನು ಎರಡು ಕ್ಯಾಸೆಟ್ ಕೊಟ್ಟಿದ್ದ, ಒಂದು ಮುಹೂರ್ತ, ಇನ್ನೊಂದು ರಿಸೆಪ್ಷನ್. ಸಿಡಿ ಮಾಡಿಸೋಣ ಮಾಡಿಸೋಣ ಅಂತ ಆಗಿರಲೇ ಇಲ್ಲ. ಅಣ್ಣಾವ್ರನ್ನ ಕಂಠೀರವ ಸ್ಟುಡಿಯೋಗೆ ತಗೊಂಡು ಹೋಗೋದನ್ನ ಟಿವಿಲಿ ತೋರಿಸ್ತಿದ್ದಾಗ ಅಪ್ಪ ಅಳ್ತಾ ಅಳ್ತಾ ವಿಸಿಆರ್ ಹತ್ರ ಹೋಗಿ ಕೈಗೆ ಸಿಕ್ಕ ಕ್ಯಾಸೆಟ್ ತಳ್ಳಿ ಬಟನ್ ಒತ್ತಿದಾರೆ. ಕ್ಯಾಸೆಟ್ಟಿನ ಹಿಂದೆ ಆ ಕಿತ್ತು ಹಾಕೋ ಪ್ಲಾಸ್ಟಿಕ್ ಚೂರು ಇರುತ್ತಲ್ಲ, ಅದನ್ನ ಯಾರೂ ಕಿತ್ತಿರಲಿಲ್ಲ. ಒಂದು ವಾರ ಆದ ಮೇಲೆ ಗೊತ್ತಾಯ್ತಂತೆ. ಅಮ್ಮಂಗೂ ಹೇಳದೆ ಹದಿನೈದು ತಿಂಗಳು ಹೊಟ್ಟೆಯಲ್ಲಿ ಇಟ್ಕೊಂಡಿದ್ದರು, ಸಮುದ್ರ ದಾಟಿ ಬಂದ ಮೇಲೂ ಬಾಯಿ ಬಿಟ್ಟಿರಲಿಲ್ಲ.

"ಅವಳು ಬೇಕು ಅಂತ ಮಾಡಿದ್ಲು. ನಾನು ಬೇಕು ಅಂತ ಮಾಡ್ಲಿಲ್ಲ" ಅಂದರು. ಅವಳು ಅಂದ್ರೆ ಮಾರ್ಜ್.

ನಂಗೆ ನಗು ತಡಿಯೋಕಾಗಲಿಲ್ಲ, ಪಾರ್ಕಿಂಗ್ ಲಾಟಲ್ಲಿ ಸ್ಟೇರಿಂಗ್ ಮೇಲೆ ತಲೆ ಇಟ್ಕೊಂಡು ನಕ್ಕೆ. ಅಪ್ಪ ನಗಲಿಲ್ಲ. "ಹೆಂಡ್ತಿಗೆ ನೀನೇ ಹೇಳು" ಅಂದರು. ಹೇಳಿದೆ. ಹೆಂಡತಿ ನಗಲೂ ಇಲ್ಲ, ಬೈಲೂ ಇಲ್ಲ, "ಹೌದಾ" ಅಂದಳು. ಅವಳ ತಾತ ಓಡಾಡ್ತಾ ಇರೋದು ಆ ರಿಸೆಪ್ಷನ್ ವಿಡಿಯೋದಲ್ಲಿ ಮಾತ್ರ ಇದ್ದಿದ್ದು, ಅದು ನಂಗೆ ಆಗ ಹೊಳೆದಿರಲಿಲ್ಲ. ಎರಡು ದಿನ ಮಾವನಿಗೆ ಕಾಫಿ ಟೇಬಲ್ ಮೇಲೆ ಬಂದು ಕೂರ್ತಿತ್ತು, ಕೈಗೆ ಬರ್ತಿರಲಿಲ್ಲ. ಮೂರನೇ ದಿನ ಅಪ್ಪ ಮಗಳನ್ನ ಎರಡೂ ಕೈಲಿ ಎತ್ತಿ ಗೋಡೆಗೆ ಕಾಲು ತಾಗಿಸಿ ನಡೆಸ್ತಾ, "ಸ್ಪೈಡರ್ ಪಿಗ್ಗು, ಸ್ಪೈಡರ್ ಪಿಗ್ಗು" ಅಂತ ಜಾನಪದ ರಾಗದಲ್ಲಿ ಹಾಡ್ತಿದ್ದರು, ಪಾಪು ಕೇಕೆ ಹಾಕ್ತಿತ್ತು, ಹೆಂಡತಿ ಒಳಗಿಂದ ಬಂದು ನೋಡಿ, "ಮಾವ, ಅದು ಹಂದಿ ಹಾಡು" ಅಂದಳು. ಕಾಫಿ ಕೈಗೆ ಬಂತು.

ನಾವು 2011ಕ್ಕೆ ಬೆಂಗಳೂರಿಗೆ ವಾಪಸ್ ಬಂದು ಬೆಳ್ಳಂದೂರು ಕಡೆ ಮನೆ ಮಾಡಿದ್ವಿ. 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಿತು ಅಂತ ಪೇಪರಲ್ಲೆಲ್ಲಾ ಬಂತಲ್ಲ, ಆ ವರ್ಷ ಅಪ್ಪ ಬಂದಿದ್ದರು. ವರ್ತೂರು ಕೋಡಿ ಹತ್ರ ಗಾಳಿ ಬೀಸಿದ್ರೆ ಹತ್ತಿ ಹಿಂಜಿದ ಹಾಗೆ ನೊರೆ ರೋಡಿಗೆ ಹಾರಿ ಬರೋದು. ಅಪ್ಪ ಕಾರಿನ ಗ್ಲಾಸ್ ಏರಿಸಿ, "ಯಾವನೋ ಡ್ರಮ್ಮು ತಳ್ಳಿದಾನೆ" ಅಂದರು. ಎಂಟು ವರ್ಷ ಆಗಿತ್ತು ಪಿಕ್ಚರ್ ನೋಡಿ.

ಕ್ಯಾಸೆಟ್ ಸಿಕ್ಕಿದ್ದು ಇತ್ತೀಚೆಗೆ, ಹಾಸನದ ಮನೆ ಅಟ್ಟ ಕ್ಲೀನ್ ಮಾಡಿಸುವಾಗ. ಬೂಷ್ಟು ಹಿಡಿದಿತ್ತು. ಹಳೇ ಕ್ಯಾಸೆಟ್ ಪೆನ್‌ಡ್ರೈವಿಗೆ ಹಾಕಿಕೊಡೋ ಒಬ್ಬರಿಗೆ ಕೊಟ್ಟೆ, ಹೆಂಡತಿಗೆ ಹೇಳಲಿಲ್ಲ, ಏನಿರುತ್ತೆ ಮೆರವಣಿಗೆ ಇರುತ್ತೆ ಅಷ್ಟೇ ಅಂದ್ಕೊಂಡು. ಭಾನುವಾರ ಎಲ್ಲರೂ ಇದ್ದಾಗ ಟಿವಿಗೆ ಹಾಕಿದೆ. ಅಪ್ಪ ಕಿವಿಗೆ ಮಷೀನ್ ಸಿಕ್ಕಿಸ್ಕೊಂಡು ಮುಂದೆ ಬಂದು ಕೂತರು. ಬಣ್ಣ ಎಲ್ಲಾ ಹೋಗಿ ಒಂಥರಾ ಹಸಿರು. ಜನ, ಜನ, ಮರದ ಮೇಲೆ ಜನ, ಹೂವಿನ ಗಾಡಿ. ಮುಕ್ಕಾಲು ಗಂಟೆ ಹೀಗೇ ಹೋಯ್ತು, ಹೆಂಡತಿ ಎದ್ದು ಒಲೆ ಮೇಲೆ ಸಾರು ನೋಡೋಕೆ ಹೋದಳು. ಇದ್ದಕ್ಕಿದ್ದ ಹಾಗೆ ಅರ್ಧ ಮಾತಲ್ಲಿ ಕಟ್ ಆಗಿ ಗೆರೆ ಗೆರೆ ಬಂತು.

"ಕರೆಂಟ್ ಹೋಗಿತ್ತು ಅವತ್ತು" ಅಂದರು ಅಪ್ಪ.

ಗೆರೆ ನಿಂತು ವಾಲಗ ಶುರುವಾಯ್ತು. ಹಾರ ಹಾಕ್ಕೊಂಡು ಬೆವರ್ತಾ ನಿಂತಿರೋ ನಾನು, ನನ್ನ ಪಕ್ಕ ನಕ್ಕು ನಕ್ಕು ದವಡೆ ನೋವು ಬಂದಿರೋ ಹೆಂಡತಿ, ಗಿಫ್ಟ್ ಕೊಡೋರ ಕ್ಯೂ. ಕ್ಯೂ ಪಕ್ಕದಲ್ಲಿ ಅಪ್ಪ, ಹೊಸ ಶರ್ಟು, ಕಂಕುಳಲ್ಲಿ ಮುಯ್ಯಿ ಕವರುಗಳ ಬ್ಯಾಗು, "ಮುಂದೆ ಹೋಗಿ ಮುಂದೆ ಹೋಗಿ, ಜಾಗ ಇದೆ" ಅಂತ ಜನರನ್ನ ತಳ್ತಿದಾರೆ. ಅವರ ಹಿಂದೆ ಕುರ್ಚಿಯಿಂದ ಎದ್ದು, ಕೋಲು ಊರಿಕೊಂಡು, ಸ್ಟೇಜ್ ಮೆಟ್ಟಿಲ ಕಡೆ ಹೊರಟ ತಾತ.

ಹೆಂಡತಿ ಸೌಟು ಹಿಡ್ಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು.